ಸುಬ್ಬಣ್ಣನ ಹೋಟೆಲು ಮತ್ತು ಇನ್ನೆರಡು ಚಿತ್ರ

2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಿಡುಗಡೆಯಾದ ಈ ಮೂರು ಕನ್ನಡ ಚಿತ್ರಗಳು ತಾರೆಯರ ಹೆಸರಿನ ಬಲದಿಂದ ಬಂದವಲ್ಲ. ಅವು ನಿಂತಿದ್ದು ಕಥೆಯ ಮೇಲೆ.

ಸಂದೀಪ್ ಸುಂಕದ್ ಅವರ ‘ಶಾಖಾಹಾರಿ’ಯನ್ನು ರಂಗಾಯಣ ರಘು ಅವರಿಗಾಗಿಯೇ ನೋಡಬೇಕು. ಅಬ್ಬರದ ಪಾತ್ರಗಳಲ್ಲೇ ನಾವು ಹೆಚ್ಚು ಕಂಡ ನಟ ಇಲ್ಲಿ ಮಲೆನಾಡಿನ ಪುಟ್ಟ ಸಸ್ಯಾಹಾರಿ ಹೋಟೆಲಿನ ಸುಬ್ಬಣ್ಣ. ಗಾಯಗೊಂಡ ಕೊಲೆ ಆರೋಪಿಯೊಬ್ಬ ಬಂದು ಸೇರಿಕೊಂಡ ಮೇಲೆ ಈ ಸಾಧು ಮನುಷ್ಯ ಎಲ್ಲಿಯವರೆಗೆ ಹೋಗುತ್ತಾನೆ ಎಂಬುದನ್ನು ರಘು ದನಿ ಏರಿಸದೆ ತೋರಿಸುತ್ತಾರೆ. ಎಂಥ ಸಂಯಮ! ಎದುರಿಗೆ ಪೊಲೀಸ್ ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆ. ಕರ್ತವ್ಯಕ್ಕಿಂತ ದಣಿವನ್ನೇ ಹೆಚ್ಚು ಹೊತ್ತ ಮುಖ. ಕೊಲೆಯ ಕಥೆಗೆ ಇಷ್ಟು ಅಂತಃಕರಣ ಬರುವುದು ಅಪರೂಪ.

ರಾಜ್‌ಗುರು ಅವರ ‘ಕೆರೆಬೇಟೆ’ಯಲ್ಲಿ ಊರಿಗೆ ಊರೇ ಕೆಸರಿಗಿಳಿದು ಮೀನು ಹಿಡಿಯುವ ದೃಶ್ಯ ಮೈ ಜುಮ್ಮೆನಿಸುತ್ತದೆ. ಪ್ರೇಮದ ಭಾಗ ಎಳೆದಂತಿದೆ, ಆದರೆ ಜಾತಿಯ ಕ್ರೌರ್ಯವನ್ನು ಚಿತ್ರ ಮುಚ್ಚಿಡುವುದಿಲ್ಲ.

ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ ಕಾಲಯಾನದ ಚಿತ್ರ. ತುಸು ಗೋಜಲು, ಪ್ರೇಕ್ಷಕರ ಬುದ್ಧಿಯ ಮೇಲೆ ಅದಕ್ಕಿರುವ ನಂಬಿಕೆ ಮಾತ್ರ ದೊಡ್ಡದು.

ಒಂದಕ್ಕಷ್ಟೇ ಬಿಡುವಿದ್ದರೆ ‘ಶಾಖಾಹಾರಿ’ ನೋಡಿ.