ಬಸ್ಸಿನ ಪಾದ, ಲಾರಿಯ ಕಿವಿ

ಇರಕಲ್ಲಗಡದಿಂದ ಕೊಪ್ಪಳಕ್ಕೆ ಮುಂಜಾನೆಯ ಬಸ್ಸನ್ನು ನಡೆಸುವವನ ವಿದ್ಯೆಯು ಅವನ ಪಾದದಲ್ಲಿ ಕಾಣತಕ್ಕದ್ದು: ಕಂಬಿ ಹಿಡಿದ ಶಾಲಾ ಬಾಲಕರೂ ಬುಟ್ಟಿ ಹೊತ್ತ ಮುದುಕಿಯೂ ಮುಗ್ಗರಿಸದಂತೆ, ನಿಲ್ದಾಣವು ಇನ್ನೂ ದೂರವಿರುವಾಗಲೇ ಬ್ರೇಕನ್ನು ಮೆಲ್ಲಮೆಲ್ಲನೆ ಒತ್ತಿ, ನಿಂತದ್ದೇ ಅರಿವಾಗದ ಹಾಗೆ ನಿಲ್ಲಿಸುವ ಸೂಕ್ಷ್ಮತೆ ಅದು. ಸಾರಿಗೆ ಸಂಸ್ಥೆಯ ಸಂಬಳವೂ ನಿಶ್ಚಿತ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನದ ದುಡಿಮೆಗೆ 8 ಗಂಟೆಯ ಮಿತಿಯನ್ನು ವಿಧಿಸಿತ್ತಾದರೂ, ಲಾರಿಯವನು ಸರಕು ಇಳಿಯುವವರೆಗೆ ಗಾಡಿ ಬಿಟ್ಟು ಕದಲಲಾರನು; ಆದಕಾರಣ ಮಗನಿಗೆ ಯಾವುದು ಲೇಸೆಂದು ಕೇಳುವ ತಂದೆಗೆ ಬಸ್ಸೆಂದೇ ಹೇಳುವೆನು.

ಆದರೂ ಕೌಶಲದ ಮಾತು ಬಂದಾಗ ಲಾರಿಯವನ ಮೇಲಣ ನನ್ನ ಗೌರವವು ಒಂದು ಗುಲಗಂಜಿ ತೂಕ ಹೆಚ್ಚೇ. ಗಂಗಾವತಿಯ ಗಿರಣಿಯಲ್ಲಿ ಅಕ್ಕಿಯ ಮೂಟೆಗಳನ್ನು ಹೇರಿಸಿ, ತಾಡಪತ್ರಿ ಹೊದಿಸಿ, ಹಗ್ಗ ಬಿಗಿದಾದ ಮೇಲೆ, ಅವನು ಕಬ್ಬಿಣದ ಸಲಾಕೆಯಿಂದ ಒಂದೊಂದು ಟೈರನ್ನೂ ಬಡಿದು, ನಾದವು ಮಂದವಾದಲ್ಲಿ ಗಾಳಿ ಇಳಿದಿದೆಯೆಂದು ಕಿವಿಯಿಂದಲೇ ನಿರ್ಣಯಿಸುವನು. ಇಳಿಜಾರಿನಲ್ಲಿ ಭಾರವು ಹಿಂದಿನಿಂದ ನೂಕುವಾಗ ಬರೀ ಬ್ರೇಕನ್ನೇ ನಂಬಿದರೆ ಅದು ಕಾದು ಕೈಕೊಡುವುದೆಂದು ಬಲ್ಲವನಾಗಿ, ಇಳಿಯುವುದಕ್ಕೆ ಮುಂಚೆಯೇ ಕೆಳಗಿನ ಗೇರಿಗೆ ಬಂದು, ಎಂಜಿನ್ನಿನ ದನಿ ಕೇಳುತ್ತ, ಅದರ ಬಿಗಿಯಿಂದಲೇ ವೇಗವನ್ನು ತಡೆಹಿಡಿಯುವನು.