‘ಸಂಸ್ಕಾರ’: ಒಂದು ಶೀರ್ಷಿಕೆಯ ಅರ್ಥವಿಸ್ತಾರ

ಸಾಹಿತ್ಯ ಕೃತಿಯೊಂದನ್ನು ಕೈಗೆತ್ತಿಕೊಂಡೊಡನೆ ಸಂಕೇತಗಳನ್ನು ಹುಡುಕತೊಡಗುವುದು ನಮ್ಮಲ್ಲಿ ಅನೇಕರ ರೂಢಿ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲಿ ಸಾಯುವ ಇಲಿಗಳನ್ನೂ ಮಾಡಿನ ಮೇಲೆ ಬಂದು ಕೂರುವ ರಣಹದ್ದುಗಳನ್ನೂ ಕಂಡೊಡನೆ ‘ಕೊಳೆತ ಸಮಾಜದ ಸಂಕೇತ’ವೆಂದು ತೀರ್ಪಿತ್ತು ಮುಂದೆ ಸಾಗುತ್ತೇವೆ. ಆದರೆ ಅವು ಮೊದಲಿಗೆ ಪ್ಲೇಗಿನಿಂದ ಸತ್ತ ಇಲಿಗಳು. ಅಗ್ರಹಾರದವರಿಗೆ ರೋಗ ಕೂಡಲೇ ಕಾಣದೆ ಅಪಶಕುನವಷ್ಟೇ ಕಾಣುವುದರಲ್ಲಿ ಕಥೆಯ ವ್ಯಂಗ್ಯವಿದೆ. ಇಲಿಯನ್ನು ಇಲಿಯಾಗಿ ಕಾಣದವನಿಗೆ ಆ ವ್ಯಂಗ್ಯ ದಕ್ಕದು.

ಈ ಕೃತಿಯಲ್ಲಿ ನಿಂತು ನೋಡಬೇಕಾದುದು ಶೀರ್ಷಿಕೆಯ ಪದವನ್ನು. ಆಚಾರಭ್ರಷ್ಟನಾದ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರು ಯಾರು? ಪ್ರಾಣೇಶಾಚಾರ್ಯರು ಉತ್ತರವನ್ನು ಧರ್ಮಶಾಸ್ತ್ರಗಳಲ್ಲಿ ಹುಡುಕುತ್ತಾರೆ; ಮಾರುತಿಯ ಗುಡಿಯಲ್ಲಿ ದೈವಸೂಚನೆಗಾಗಿ ಕಾಯುತ್ತಾರೆ. ಕೊನೆಗೆ ನಾರಣಪ್ಪನೊಡನೆ ಬಾಳಿದ ಚಂದ್ರಿಯೇ ಅಹ್ಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಶವವನ್ನು ಸುಟ್ಟು ಊರು ಬಿಡುತ್ತಾಳೆ. ಮಂತ್ರವಿಲ್ಲ, ಪುರೋಹಿತರಿಲ್ಲ. ಇದಾವುದನ್ನೂ ಅರಿಯದ ಬ್ರಾಹ್ಮಣರು, ಇಲ್ಲದ ಶವದ ಕುರಿತು ಸಮಾಲೋಚನೆ ಮುಂದುವರಿಸುತ್ತಾರೆ. ಪದದ ಒಂದು ಅರ್ಥ ಇಲ್ಲಿಗೆ ತೀರಿತು. ಆದರೂ ಕಾದಂಬರಿ ಇನ್ನೂ ಬಹುದೂರ ಸಾಗಬೇಕಿದೆ.

ಹಾಗಾದರೆ ಇನ್ನು ಸಂಸ್ಕಾರ ಆಗಬೇಕಾದುದು ಯಾರಿಗೆ? ಚಂದ್ರಿಯ ಸಂಗದಿಂದ ತಮ್ಮ ಕುರಿತ ತಮ್ಮ ನಂಬಿಕೆಯೇ ಕುಸಿದಿರುವ ಆಚಾರ್ಯರಿಗೆ. ಪತ್ನಿಯನ್ನು ಕಳೆದುಕೊಂಡು, ಅಲೆಯುತ್ತ, ಸೂತಕದಲ್ಲೇ ಮೇಳಿಗೆಯ ದೇವಸ್ಥಾನದಲ್ಲಿ ಊಟಕ್ಕೆ ಕುಳಿತಾಗ ಅವರನ್ನು ನಡುಗಿಸುವುದೂ ಸಂಸ್ಕಾರವೇ. ಅಂದರೆ ಬಾಲ್ಯದಿಂದ ಮನಸ್ಸಿನಲ್ಲಿ ಒತ್ತಿದ ಅಚ್ಚು. ಅಂತ್ಯಕ್ರಿಯೆ, ಶುದ್ಧೀಕರಣ, ಪರಿಷ್ಕಾರ, ಪೂರ್ವಾನುಭವದ ಉಳಿಕೆ: ಲೇಖಕರು ಬೇರೆ ಪದ ತರದೆ, ಒಂದೇ ಪದವನ್ನು ಈ ಎಲ್ಲ ಅರ್ಥಗಳ ಮೂಲಕ ನಡೆಸುತ್ತಾರೆ.

ಎ. ಕೆ. ರಾಮಾನುಜನ್ ಇದನ್ನು ಅರಿತಿದ್ದರು. 1976ರ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಅವರು ಪದವನ್ನು ಹಾಗೆಯೇ ಉಳಿಸಿಕೊಂಡು, 1894ರ ಕಿಟ್ಟೆಲ್ ನಿಘಂಟಿನ ಅರ್ಥಗಳನ್ನು ಕೃತಿಯ ಮುಂದಿಟ್ಟರು. ಆದರೆ ಸತ್ತವನೊಬ್ಬನ ಕ್ರಿಯಾವಿಧಿ ಎಂಬರ್ಥದ ಉಪಶೀರ್ಷಿಕೆ, ನನ್ನ ಮಟ್ಟಿಗೆ, ನಿಘಂಟು ತೆರೆದ ಬಾಗಿಲನ್ನು ಅರ್ಧ ಮುಚ್ಚುತ್ತದೆ.

ಕನ್ನಡ ಕಥೋಲಿಕ ಓದುಗರಿಗೆ ಇಲ್ಲಿ ಇನ್ನೊಂದು ಧ್ವನಿಯೂ ಕೇಳಿಸುತ್ತದೆ. ಧರ್ಮಸಭೆಯ ಏಳು ಸಂಸ್ಕಾರಗಳಿಗೂ ನಾವು ಬಳಸುವುದು ಇದೇ ಪದ. ಅಲ್ಲಿ ವಿಧಿಯೂ ವಾಕ್ಯವೂ ಅದನ್ನು ನೆರವೇರಿಸುವ ಅಧಿಕಾರವೂ ಬೇಕು. ಚಂದ್ರಿಗೆ ಇವು ಯಾವುವೂ ಇರಲಿಲ್ಲ. ಆದರೆ ಸತ್ತವರನ್ನು ಮಣ್ಣುಮಾಡುವುದನ್ನು ಕರುಣೆಯ ಕಾರ್ಯಗಳಲ್ಲೊಂದಾಗಿ ಎಣಿಸುವ ನಾವು, ಆಕೆ ಆ ರಾತ್ರಿ ಮಾಡಿದ್ದನ್ನು ಏನೆಂದು ಕರೆಯೋಣ? ಅನಂತಮೂರ್ತಿಯವರು ನಮಗೆ ನೆರವಾಗುವುದಿಲ್ಲ. ಆಚಾರ್ಯರನ್ನು ದೂರ್ವಾಸಪುರದತ್ತ ಹೊರಟ ಗಾಡಿಯಲ್ಲಿ ಕೂರಿಸಿ, ಅವರು ಊರು ತಲುಪುವ ಮೊದಲೇ ಕಥೆ ನಿಲ್ಲಿಸುತ್ತಾರೆ.