ಆಪರೇಷನ್ ಆದ ಮೇಲಿನ ಲೆಕ್ಕ

ಮೇ ತಿಂಗಳಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋದರೆ, ಕಿವಿ ಚೆನ್ನಾಗಿರುವವರಿಗೂ ಪಕ್ಕದವರ ಮಾತು ಅರ್ಧಂಬರ್ಧ. ಹರಾಜಿನ ಕೂಗು, ಟೆಂಪೋ ಹಾರ್ನು, ಕ್ರೇಟು ಎತ್ತಿ ಹಾಕುವ ಸದ್ದು. ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಹುಡುಗ ಆ ಗದ್ದಲದಲ್ಲಿ ಅಪ್ಪನ ಒಂದು ಮಾತನ್ನು ಹೆಕ್ಕಿಕೊಳ್ಳಬೇಕಾದರೆ ಮೈಯೆಲ್ಲ ಕಿವಿಯಾಗಬೇಕು. ಒಳಕಿವಿಯ ಒಳಸಾಲಿನ ಸುಮಾರು 3,500 ಕೂದಲುಕೋಶಗಳು ಮಾಡುವ ಕೆಲಸ ಅವನಲ್ಲಿ ಒಂದೆರಡು ಡಜನ್ ಎಲೆಕ್ಟ್ರೋಡುಗಳ ಪಾಲಿಗೆ ಬಂದಿರುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ಅಷ್ಟು ಸಾಕು. ಮಂಡಿಯಲ್ಲಿ ಸಾಲದು.

ಪರೀಕ್ಷೆ ನಡೆಯುವುದು ಮಾತ್ರ ಸದ್ದಿಲ್ಲದ ಕೋಣೆಯಲ್ಲೇ. ಪದ ಹೇಳಿಸಿ ಗುರುತು ಹಾಕಿಕೊಂಡರೆ ಇಂಪ್ಲಾಂಟ್ ಗೆದ್ದಂತೆ. ಅಮೆರಿಕದ ಥಿಯೊಡೋರ್ ಮೆಕ್ರ್ಯಾಕನ್ ಮತ್ತು ಸಂಗಡಿಗರು 2018ರಲ್ಲಿ ವಯಸ್ಕರ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದಾಗ, ಈ ಅಂಕಗಳಿಗೂ ಬದುಕಿನ ಗುಣಮಟ್ಟಕ್ಕೂ ಇದ್ದ ನಂಟು ತೀರ ತೆಳು. ಕೇಳಿಸಿಕೊಳ್ಳುವ ದಣಿವೆಷ್ಟು, ನಾಲ್ಕು ಜನ ಸೇರಿದಲ್ಲಿ ಕೂರುವ ಧೈರ್ಯ ಉಂಟೇ ಎಂದು ಅವರ ತಂಡ ರೂಪಿಸಿದ ಪ್ರಶ್ನಾವಳಿ ವಿಚಾರಿಸುತ್ತದೆ. ನಮ್ಮ ಯೋಜನೆಗಳಿಗೂ ಇಂಥದ್ದೊಂದು ಬೇಕು.

ಯೋಜನೆಗಳೇನೂ ಸಣ್ಣವಲ್ಲ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಎಡಿಪ್ ಯೋಜನೆ 2014ರ ಪರಿಷ್ಕರಣೆಯಲ್ಲಿ ವರ್ಷಕ್ಕೆ 500 ಮಕ್ಕಳಿಗೆ, ತಲಾ 6 ಲಕ್ಷ ರೂಪಾಯಿ ಮಿತಿಯಲ್ಲಿ, ಇಂಪ್ಲಾಂಟ್ ಒದಗಿಸಲು ಹೊರಟಿತು. ರಾಜ್ಯದಲ್ಲಿ ‘ಶ್ರವಣ ಸಂಜೀವಿನಿ’ ಇದೆ. ಮಾವಿನ ಫಸಲಿನ ಮೇಲೆ ಬದುಕುವ ಮನೆಗೆ ಇವಿಲ್ಲದೆ ಆ ಆಪರೇಷನ್ ಕನಸಿನ ಮಾತು.

ಆದರೆ ಲೆಕ್ಕ ಇಡುವುದು ಆಪರೇಷನ್ನಿನದು. ತಲೆಬುರುಡೆಯೊಳಗಿನ ಭಾಗ ದಶಕಗಟ್ಟಲೆ ಬಾಳುತ್ತದೆ. ಕಿವಿಯ ಹಿಂದೆ ಕೂರುವ ಪ್ರೊಸೆಸರ್ ಐದಾರು, ಹೆಚ್ಚೆಂದರೆ ಹತ್ತು ವರ್ಷಕ್ಕೆ ಹಳತಾಗುತ್ತದೆ. 2015ರಲ್ಲಿ ಮೂರು ವರ್ಷದವನಾಗಿದ್ದ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಕೇಬಲ್ಲು ಕಿತ್ತರೆ, ಬೆವರಿಗೆ ಮಿಷನ್ ಕೆಟ್ಟರೆ, ಕಂಪನಿ ಆ ಮಾದರಿಯ ಬಿಡಿಭಾಗ ನಿಲ್ಲಿಸಿದರೆ, ಪಾಠ ಅಲ್ಲಿಗೇ ನಿಂತಿತು. ಕೇರಳ ತನ್ನ ಇಂಪ್ಲಾಂಟ್ ಯೋಜನೆ ‘ಶ್ರುತಿತರಂಗಂ’ನಲ್ಲಿ ಇದೇ ಪೆಟ್ಟು ತಿಂದು, ಪ್ರೊಸೆಸರ್ ಬದಲಿಸಲು ‘ಧ್ವನಿ’ ಎಂಬ ಬೇರೆ ಯೋಜನೆ ಮಾಡಬೇಕಾಯಿತು. ಆಪರೇಷನ್ ಮಂಜೂರಾದ ದಿನವೇ ಎರಡನೇ ಪ್ರೊಸೆಸರಿನ ದುಡ್ಡೂ ಮಂಜೂರಾಗಬೇಕಿತ್ತು.

ಮ್ಯಾಪಿಂಗಿಗೆ, ಅಂದರೆ ಪ್ರೊಸೆಸರನ್ನು ಮಗುವಿನ ಕಿವಿಗೆ ಹೊಂದಿಸಲು, ಬೆಂಗಳೂರಿಗೋ, ಅದನ್ನೂ ದಾಟಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು. ಅದು ಎಲ್ಲ ತಾಲ್ಲೂಕುಗಳ ಪಾಡು. ಶ್ರೀನಿವಾಸಪುರದ ಪಾಡು ಇನ್ನೊಂದಿದೆ: ಇಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಅಜ್ಜಿ ‘ಇಟು ರಾ ನಾಯನಾ’ ಎನ್ನುತ್ತಾಳೆ, ಅಂಗನವಾಡಿಯಲ್ಲಿ ‘ಬಾ ಪುಟ್ಟ’. ಮಗುವಿನ ತಲೆ ಕೆಡಿಸಬೇಡಿ, ಒಂದೇ ಭಾಷೆ ಆಡಿ ಎನ್ನುವ ಸಲಹೆ ಥೆರಪಿಯವರಿಂದ ಇಂದಿಗೂ ಬರುವುದುಂಟು. ಇಂಪ್ಲಾಂಟ್ ಇರುವ ಮಕ್ಕಳು ಎರಡು ಭಾಷೆ ಕಲಿಯಬಲ್ಲರೆಂದು ಅಧ್ಯಯನಗಳು ತೋರಿಸಿದ ಮೇಲೂ! ಆ ಸಲಹೆ ಪಾಲಿಸಿದರೆ ಮನೆಯಲ್ಲಿ ಮೊದಲು ಮೂಕಿಯಾಗುವವಳು ಅಜ್ಜಿ.

ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂಬ ಹೆದರಿಕೆಯೂ ಇದರ ಜೊತೆಗೇ ಬೆಳೆದಿದೆ. ಹಾಗೆ ಹೆದರಿಸುವವರು ರಾತ್ರಿಯ ಹೊತ್ತು ಆ ಮನೆಗೆ ಬಂದು ನೋಡಬೇಕು. ತೇವ ಹೀರುವ ಗೋಲಿಗಳ ಡಬ್ಬಿಯಲ್ಲಿ ಮಿಷನ್ ಮಲಗಿರುತ್ತದೆ, ಹುಡುಗ ಪೂರ್ತಿ ಕಿವುಡ. ಜ್ವರ ಬಂದಿರಲಿ, ಕೆಟ್ಟ ಕನಸು ಬಿದ್ದಿರಲಿ, ಅಮ್ಮ ಲೈಟು ಹಾಕಿ, ಭುಜ ತಟ್ಟಿ, ಕೈಯಲ್ಲೇ ಕೇಳುತ್ತಾಳೆ: ನೀರು ಬೇಕಾ?